ಸೆಲ್ಫ್ ಮುಟ್ಟದ ದಿನ

ಗೊಲ್ಲಾಳಪ್ಪನಿಗೆ ಇಳಿಜಾರು ಇರಲಿಲ್ಲ.

ಉಳಿದದ್ದೆಲ್ಲ ಇತ್ತು. ಹದಿನೆಂಟು ವರ್ಷ ಹಳೆಯ ನೀರಿನ ಟ್ಯಾಂಕರ್ ಲಾರಿ ಇತ್ತು, ಕೈಯಲ್ಲಿ ಕೀಲಿ ಇತ್ತು. ಕೂಕಟ್‌ಪಲ್ಲಿಯ ಅವನ ಗಲ್ಲಿಯ ಇಳಿಜಾರು ಕೂಡ ನಿನ್ನೆ ಸಂಜೆ ಲಾರಿ ನಿಲ್ಲಿಸುವಾಗ ಖಾಲಿಯಾಗಿಯೇ ಇತ್ತು. ಬೆಳಿಗ್ಗೆ ಆರಕ್ಕೆ ಎದ್ದು ಬಂದರೆ ಲಾರಿಯ ಮೂತಿಗೆ ಎರಡು ಮೊಳ ದೂರದಲ್ಲಿ ಒಂದು ಹೊಸ ಬಿಳಿ ಕಾರು ನಿಂತಿತ್ತು, ಇನ್ನೂ ಸೀಟಿನ ಪ್ಲಾಸ್ಟಿಕ್ ಬಿಚ್ಚಿರಲಿಲ್ಲ.

ಕೀಲಿ ತಿರುಗಿಸಿ ಲಾರಿ ಶುರು ಮಾಡಿ ಹಿಂದಕ್ಕೆ ತೆಗೆದರೆ ಆಗುತ್ತಿತ್ತು. ಆದರೆ ಗೊಲ್ಲಾಳಪ್ಪ ಇವತ್ತು ಕೀಲಿ ತಿರುಗಿಸುವಂತಿರಲಿಲ್ಲ.

ಇಂಜಿನ್ನನ್ನು ಎಬ್ಬಿಸುವ ಸ್ಟಾರ್ಟರ್ ಮೋಟಾರಿಗೆ ಡ್ರೈವರುಗಳು ಸೆಲ್ಫ್ ಎನ್ನುತ್ತಾರೆ. ಐದು ತಿಂಗಳಲ್ಲಿ ಆ ಲಾರಿಯ ಮೂರು ಸೆಲ್ಫ್ ಸುಟ್ಟಿದ್ದವು. ನಾಲ್ಕನೆಯದನ್ನು ನಿನ್ನೆ ಹಾಕಿಸುವಾಗ ಮಾಲಕ ಜನಾರ್ದನ ಶೇಠ್ ಎದುರಿಗೇ ನಿಂತಿದ್ದರು.

"ನಾಳೆ ಸಂಜಿಗೆ ನಾನೇ ಬಂದು ಕೀಲಿ ತಿರುವ್ತೀನಿ," ಎಂದಿದ್ದರು. "ಒಂದೇ ಏಟಿಗೆ ಹಿಡೀಬೇಕು. ಹಿಡೀಲಿಲ್ಲ ಅಂದ್ರ ಕೀಲಿ ನನ್ನ ಕೈಯಾಗೇ ಇರ್ತೈತಿ. ನಿನ್ನ ಸೀಟಿಗೆ ಹತ್ತು ಮಂದಿ ಸಾಲಿಗೆ ನಿಂತಾರ."

ಸೆಲ್ಫ್ ಕಟ್ಟಿಕೊಟ್ಟ ಮಾಣಿಕಪ್ಪ ಹುಮನಾಬಾದ್ ಕಡೆಯವನು, ಜೀಡಿಮೆಟ್ಲಾದ ಎಲೆಕ್ಟ್ರಿಷಿಯನ್. ಅವನು ಬೋಲ್ಟ್ ಬಿಗಿಯುತ್ತ ಪಾಠ ಹೇಳಿದ್ದ. "ಹತ್ತು ಎಣಿಸೂದ್ರಾಗ ಹಿಡೀಲಿಲ್ಲ ಅಂದ್ರ ಬಿಡು, ಎರಡು ನಿಮಿಷ ಆರಾಕ ಬಿಡು. ಇಂಜಿನ್ ಹಿಡಿದ ಕೂಡ್ಲೆ ಕೀಲಿ ಬಿಡು. ಬ್ಯಾಟ್ರಿ ತುದಿ ವಾರಕ್ಕೊಮ್ಮೆ ತಿಕ್ಕು, ಅರ್ಥಿಂಗ್ ವೈರ್ ಬಿಗಿ ಇರ್ಲಿ. ನೀ ಅದನ್ನ ಎಷ್ಟು ಕಡಿಮಿ ಕಾಡ್ತಿ, ಅಷ್ಟು ದಿನ ಬಾಳ್ತೈತಿ."

ಗೊಲ್ಲಾಳಪ್ಪನ ಕಿವಿಯಲ್ಲಿ ಉಳಿದದ್ದು ಕೊನೆಯ ಮಾತು ಮಾತ್ರ. ಮಲಗಿದಾಗ ಅವನು ಲೆಕ್ಕ ಹಾಕಿದ. ಕಡಿಮೆ ಕಾಡಿದರೆ ಬಹಳ ದಿನ ಬಾಳುತ್ತದೆ, ಅಂದಮೇಲೆ ಕಾಡಲೇ ಇಲ್ಲವೆಂದರೆ ಸಾಯುವುದೇ ಇಲ್ಲ. ಇಳಿಜಾರಿನಲ್ಲಿ ಉರುಳಿಸಿ ಇಂಜಿನ್ ಹಿಡಿಸುವುದು, ಸಂಜೆಯವರೆಗೆ ಬಂದ್ ಮಾಡದಿರುವುದು. ಅಷ್ಟೇ.

ಅವನು ಕಾರಿನವನ ಬಾಗಿಲು ಬಡಿದ. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದ ಸಾಫ್ಟ್‌ವೇರ್‌ನವನು ಏಳಲಿಲ್ಲ. ಬಾಗಿಲ ಸದ್ದಿಗೆ ಉಳಿದ ಗಲ್ಲಿಯೆಲ್ಲ ಎದ್ದಿತು. ಎಂಟು ಜನ ಸೇರಿ ಕಾರಿನ ಹಿಂಬದಿ ಎತ್ತಿ, ತೊಟ್ಟಿಲಿನಂತೆ ತೂಗಿ, ಮೋರಿ ಪಕ್ಕಕ್ಕೆ ಸರಿಸಿದರು. ಗೊಲ್ಲಾಳಪ್ಪ ಹ್ಯಾಂಡ್‌ಬ್ರೇಕ್ ಬಿಟ್ಟ. ಲಾರಿ ಉರುಳಿತು. ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟಾಗ ಬಿಕ್ಕಳಿಸಿದ ಎಮ್ಮೆಯ ಹಾಗೆ ಒಮ್ಮೆ ನಡುಗಿ, ಹಿಡಿಯಿತು.

"ಸೆಲ್ಫ್ ಕೆಟ್ಟೈತೇನೋ?" ಎಂದು ಹಿಂದಿನಿಂದ ಯಾರೋ ಕೂಗಿದರು.

"ಹೊಸಾದು ಐತಿ," ಎಂದ ಗೊಲ್ಲಾಳಪ್ಪ. ಅವರಿಗೆ ಏನೂ ಅರ್ಥವಾಗಲಿಲ್ಲ.

ಜೀಡಿಮೆಟ್ಲಾದ ಬೋರ್‌ವೆಲ್ಲಿನಲ್ಲಿ ನೀರು ತುಂಬುವಾಗ ಇಂಜಿನ್ ಓಡುತ್ತಲೇ ಇತ್ತು. ಸಿಗ್ನಲ್ಲಿನಲ್ಲಿ ಓಡಿತು. ಅವನು ಚಹಾ ಕುಡಿಯುವಾಗ ಓಡಿತು. ಉಚ್ಚೆಗೆ ಹೋದಾಗಲೂ ಓಡಿತು. ಹೊಟ್ಟೆಗೆ ಒಂದು ಬನ್ನು ಬಿದ್ದಿತ್ತು, ಅದನ್ನೂ ಅವನು ಗೇರಿನ ಮೇಲೆ ಕೈಯಿಟ್ಟೇ ತಿಂದಿದ್ದ. ಮೂರು ಲೋಡು ಹೀಗೇ ಮುಗಿದವು. ಡೀಸೆಲ್ ಮುಳ್ಳು ಕೆಳಗಿಳಿಯುತ್ತಲೇ ಇತ್ತು, ಅವನು ಮುಳ್ಳಿನ ಕಡೆ ನೋಡುವುದನ್ನೇ ಬಿಟ್ಟ.

ನಾಲ್ಕನೇ ಲೋಡು ಅಮೀರ್‌ಪೇಟ್‌ಗೆ, ಹುಡುಗರ ಹಾಸ್ಟೆಲಿಗೆ. ಆ ವರ್ಷ ಇಡೀ ದೇಶದ ಹುಡುಗರು ಆ ರಸ್ತೆಗೆ ಬಂದು ಕಂಪ್ಯೂಟರಿನ ಜಾವಾ ಭಾಷೆ ಕಲಿಯುತ್ತಿದ್ದರು. ಒಂದೊಂದು ಕೋಣೆಯಲ್ಲಿ ಎಂಟು ಮಂಚ, ಎಂಟು ಮಂಚಕ್ಕೆ ಒಂದು ನಲ್ಲಿ. ರಸ್ತೆ ಮಾತ್ರ ರೊಟ್ಟಿ ಬಡಿಯುವ ಹಲಗೆಯಷ್ಟು ಸಪಾಟು.

ಗೊಲ್ಲಾಳಪ್ಪ ಪೈಪನ್ನು ನೆಲದಡಿಯ ಸಂಪಿನೊಳಗೆ ಬಿಟ್ಟ. ಲಾರಿಯ ಹೊಗೆ ಸೀದಾ ಅಡುಗೆಮನೆಯ ಕಿಟಕಿಗೆ ಹೊಕ್ಕಿತು. ಹಾಸ್ಟೆಲ್ ನಡೆಸುವ ಅನ್ನಮ್ಮ, ರಾಯಚೂರಿನವಳು, ಸೌಟು ಹಿಡಿದೇ ಹೊರಗೆ ಬಂದಳು.

"ಏನಪ್ಪಾ, ಸಾರಿಗೆ ಒಗ್ಗರಣಿ ನೀನ ಹಾಕ್ತೀಯೇನು? ಬಂದ್ ಮಾಡು."

"ಬಂದ್ ಮಾಡಾಕ ಬರಂಗಿಲ್ರಿ ಅಕ್ಕಾರ."

"ಕೆಟ್ಟೈತೇನು?"

"ಇಲ್ರಿ, ಭಾಳ ಚಲೋ ಐತಿ."

"ಚಲೋ ಇದ್ರ ಬಂದ್ ಮಾಡಾಕೇನು ರೋಗ?"

ಗೊಲ್ಲಾಳಪ್ಪ ಸೆಲ್ಫಿನ ಕತೆ ಹೇಳತೊಡಗಿದ. ಅನ್ನಮ್ಮ ಸೌಟಿನಿಂದಲೇ ಉತ್ತರ ಕೊಡತೊಡಗಿದಳು. ಮೆಟ್ಟಿಲ ಮೇಲೆ ಪುಸ್ತಕ ಹಿಡಿದು ಕೂತಿದ್ದ ಮೈಸೂರಿನ ಯಶವಂತನಿಗೆ ಇದನ್ನು ನೋಡಲಾಗಲಿಲ್ಲ. ಅವನ ತಂದೆ ಬಸ್ ಡಿಪೋದಲ್ಲಿದ್ದರು, ಆದ್ದರಿಂದ ಗಾಡಿಗಳ ವಿಷಯ ತನಗೆ ಗೊತ್ತೆಂದು ಅವನು ತಿಳಿದಿದ್ದ. ನಿಜಕ್ಕೂ ಸ್ವಲ್ಪ ಗೊತ್ತೂ ಇತ್ತು. ಕ್ಯಾಬಿನ್ ಹತ್ತಿ, ಡ್ಯಾಶ್‌ಬೋರ್ಡಿನ ಕೆಳಗಿದ್ದ ಗುಂಡಿಯನ್ನು ಹಿಡಿದು ಎಳೆದ.

ಇಂಜಿನ್ ನಿಂತಿತು. ಬೆಳಿಗ್ಗೆಯಿಂದ ಗೊಲ್ಲಾಳಪ್ಪ ಮೊದಲ ಸಲ ಕಾಗೆಯ ಸದ್ದು ಕೇಳಿದ.

"ಆಯ್ತು ಆಂಟಿ," ಎಂದು ಯಶವಂತ ಇಳಿದು ಕೈ ಒರೆಸಿಕೊಂಡ. "ಗುಂಡಿ ಎಳೀಬೇಕು ಅಷ್ಟೇ. ಅಣ್ಣಂಗೆ ಗೊತ್ತಿರಲಿಲ್ಲ ಅನ್ಸುತ್ತೆ."

ಗೊಲ್ಲಾಳಪ್ಪ ಲಾರಿಯ ಬಂಪರಿನ ಮೇಲೆ ಕುಳಿತುಬಿಟ್ಟ. ಗಂಟೆ ನಾಲ್ಕಾಗಿತ್ತು. ಶೇಠ್ ಆರಕ್ಕೆ ಬರುವವರಿದ್ದರು.

"ಯಾಕಣ್ಣ? ಕೀ ತಿರುಗಿಸಿದ್ರೆ ಸ್ಟಾರ್ಟ್ ಆಗಲ್ವಾ?"

"ಆಗ್ತೈತಿ."

"ಮತ್ತೆ ತಿರುಗಿಸಿ."

"ಅದು ನಾ ಮಾಡಾಂಗಿಲ್ಲ. ನೀನ ಬಂದ್ ಮಾಡೀದಿ, ನೀನ ನೂಕು."

ನೀರು ಪೂರ್ತಿ ಇಳಿದ ಮೇಲೆ ಇಪ್ಪತ್ತೆರಡು ಹುಡುಗರು ಲಾರಿಯ ಹಿಂದೆ ನಿಂತರು. ಮೊದಲ ನೂಕಿಗೆ ಲಾರಿ ಅಲುಗಲಿಲ್ಲ, ಹುಡುಗರು ಜಾರಿದರು. ಎರಡನೆಯದಕ್ಕೆ ನಾಲ್ಕು ಮಾರು ಹೋಗಿ ನಿಂತಿತು. ಗೊಲ್ಲಾಳಪ್ಪ ತಾನೂ ಇಳಿದು ಬಾಗಿಲಿಗೆ ಹೆಗಲು ಕೊಟ್ಟ. ಮೂರನೆಯದಕ್ಕೆ ಲಾರಿ ಓಡತೊಡಗಿತು, ಅವನು ಅದರ ಜೊತೆ ಓಡಿ ಹಾರಿ ಹತ್ತಿದ. ಎಡಗಾಲಿನ ಚಪ್ಪಲಿ ಹಿಂದಿನ ಗಾಲಿಗೆ ಸಿಕ್ಕಿತು. ಕ್ಲಚ್ ಬಿಟ್ಟ. ಇಂಜಿನ್ ಹಿಡಿಯಿತು. ಆದರೆ ಇಂಜಿನ್ ನಿಂತಿದ್ದಾಗ ಬ್ರೇಕಿನ ಗಾಳಿ ಇಳಿದುಹೋಗಿತ್ತು, ಲಾರಿ ನಿಲ್ಲಲಿಲ್ಲ. ಮೂಲೆಯ ಕಂಪ್ಯೂಟರ್ ತರಬೇತಿ ಕೇಂದ್ರದ 'ನೂರಕ್ಕೆ ನೂರು ಉದ್ಯೋಗ ಖಾತ್ರಿ' ಎಂಬ ಬೋರ್ಡು ಬಂಪರಿಗೆ ತಾಗಿ, ಖಾತ್ರಿ ಒಂದು ಕಡೆ, ಉದ್ಯೋಗ ಇನ್ನೊಂದು ಕಡೆ ಬಿತ್ತು.

ಕೇಂದ್ರದ ಮಾಲಕ ತೆಲುಗಿನಲ್ಲಿ ಬೈದ. ಇಂಜಿನ್ ಓಡುತ್ತಿತ್ತು ಎಂಬ ಒಂದೇ ಕಾರಣಕ್ಕೆ ಗೊಲ್ಲಾಳಪ್ಪ ನಗುತ್ತ ನಿಂತ. ಆ ನಗು ಕಂಡು ಕೇಂದ್ರದವನ ಸಿಟ್ಟು ಇಮ್ಮಡಿಯಾಯಿತು. ಬೋರ್ಡು ಮಾಡಿಸಿಕೊಡುವವರೆಗೆ ಇರಲಿ ಎಂದು ಲಾರಿಯ ಜಾಕ್ ಎತ್ತಿಟ್ಟುಕೊಂಡ.

ಆರಕ್ಕೆ ಐದು ನಿಮಿಷವಿದ್ದಾಗ ಲಾರಿ ಜೀಡಿಮೆಟ್ಲಾದ ಯಾರ್ಡಿಗೆ ಬಂತು. ಶೇಠ್ ಬಂದಾಗಿತ್ತು. ಪಕ್ಕದಲ್ಲಿ ಮಾಣಿಕಪ್ಪ. ಅವರ ಹಿಂದೆ ಶೇಠರ ಎರಡನೇ ಟ್ಯಾಂಕರು, ಅದರ ಗಾಲಿಗೆ ಒರಗಿ ಅದರ ಡ್ರೈವರ್, ಶೇಠರ ಹೆಂಡತಿಯ ತಮ್ಮ ಹಂಪಯ್ಯ ಉಗುರು ಕಚ್ಚುತ್ತಿದ್ದ.

"ಬಂದ್ ಮಾಡು," ಎಂದರು ಶೇಠ್.

ಗೊಲ್ಲಾಳಪ್ಪ ಗುಂಡಿ ಎಳೆದ. ಶೇಠ್ ಕ್ಯಾಬಿನ್ ಹತ್ತಿ ಕುಳಿತು, ಎರಡು ಸಲ ಕೆಮ್ಮಿ, ಕೀಲಿ ತಿರುಗಿಸಿದರು.

ಒಂದು ಎಂದು ಎಣಿಸುವುದರೊಳಗೆ ಇಂಜಿನ್ ಹಿಡಿಯಿತು. ಶೇಠ್ ಬಂದ್ ಮಾಡಿ ಮತ್ತೆ ತಿರುಗಿಸಿದರು. ಮತ್ತೆ ಹಿಡಿಯಿತು. ಮಾಣಿಕಪ್ಪ ಕೆಳಗೆ ಬಗ್ಗಿ ಸೆಲ್ಫ್ ಮುಟ್ಟಿ ನೋಡಿದ. "ಗಡಿಗ್ಯಾಗಿನ ನೀರಿನಂಗ ತಣ್ಣಗೈತಿ. ಕಾಯ್ದ ವಾಸನಿ ಸೈತ ಇಲ್ಲ."

"ಇವತ್ತ ಎಷ್ಟು ಸಲ ಸೆಲ್ಫ್ ಹೊಡದಿಯೋ?" ಎಂದರು ಶೇಠ್.

ಇಡೀ ದಿನ ಗೊಲ್ಲಾಳಪ್ಪ ಕಾದದ್ದು ಈ ಪ್ರಶ್ನೆಗೆ. "ಒಮ್ಮೆನೂ ಇಲ್ರಿ."

"ಸುಳ್ಳ."

"ದೇವರಾಣಿ ರೀ. ಇಳಿಜಾರಿನ್ಯಾಗ ಹಿಡಿಸಿದ್ನಿ, ನಿಂತಲ್ಲಿ ನೂಕಿಸಿದ್ನಿ. ನಾಲ್ಕು ಲೋಡು ಮುಗಿಸೀನಿ, ಸೆಲ್ಫ್ ಮುಟ್ಟಿಲ್ಲ."

ಶೇಠ್ ಲಾರಿಯಿಂದ ಇಳಿದರು. ಗೊಲ್ಲಾಳಪ್ಪನ ಬೆನ್ನು ತಟ್ಟಿದರು. ಎರಡನೇ ಟ್ಯಾಂಕರಿನ ಕಡೆ ನೋಡಿದರು, ಹಂಪಯ್ಯ ಉಗುರು ಬಾಯಿಂದ ತೆಗೆದ.

"ಮಾಣಿಕಪ್ಪಾ," ಎಂದರು ಶೇಠ್, "ಇದ್ರ ಸೆಲ್ಫ್ ಬಿಚ್ಚು. ಹಂಪಯ್ಯ ಮಧ್ಯಾಹ್ನ ತನ್ನ ಗಾಡೀದು ಸುಟ್ಕೊಂಡು ಕುಂತಾನ, ಅದಕ್ಕ ಹಾಕು. ಗೊಲ್ಲಾಳಪ್ಪಗ ಇದ್ರ ಜರೂರತ್ತಿಲ್ಲ."

"ರೀ, ಅದು ಒಂದ ದಿನದ ಮಾತ್ರಿ..."

"ನಾಲ್ಕು ಲೋಡು ಅಂದಿಯಲ್ಲ. ನಿನ್ನಂಥಾ ಡ್ರೈವರ್ನ ನಾ ಬಿಡಾಂಗಿಲ್ಲ ನೋಡು. ನೌಕರಿ ಪಕ್ಕಾ."

ಮಾಣಿಕಪ್ಪ ಪಾನಾ ತೆಗೆದುಕೊಂಡ. ಬಿಚ್ಚುತ್ತ ಒಮ್ಮೆ ತಲೆಯೆತ್ತಿ, "ಹತ್ತು ಎಣಿಸು ಅಂದಿದ್ನಿ," ಎಂದು ಮೆಲ್ಲಗೆ ಹೇಳಿದ. "ಎಣಿಸಿ ಹೊಡದಿದ್ರ ನಿನ್ನ ಲಾರ್ಯಾಗ ಎರಡು ವರ್ಷ ಇರ್ತಿತ್ತು."

ಯಾರ್ಡಿನ ಕೂಲಿಗಳು ನೂಕಿ ಲಾರಿ ಹಿಡಿಸಿಕೊಟ್ಟರು. ಏಳು ಗಂಟೆಗೆ ಗೊಲ್ಲಾಳಪ್ಪ ಕೂಕಟ್‌ಪಲ್ಲಿಯ ಗಲ್ಲಿಗೆ ಬಂದ. ಇಳಿಜಾರಿನ ನೆತ್ತಿಯಲ್ಲಿ, ಲಾರಿ ನಿಲ್ಲುವ ಜಾಗದಲ್ಲೇ, ಬಿಳಿ ಕಾರು ನಿಂತಿತ್ತು. ಮತ್ತೆ ಯಾರೂ ಎತ್ತಿಡಬಾರದೆಂದು ಅದರ ಮಾಲಕ ಸುತ್ತ ನಾಲ್ಕು ಕಲ್ಲುಕಂಬ ನೆಡಿಸಿ, ಸರಪಳಿ ಕಟ್ಟಿಸಿದ್ದ. ಸಿಮೆಂಟು ಇನ್ನೂ ಹಸಿಯಾಗಿತ್ತು.

ಗೊಲ್ಲಾಳಪ್ಪ ಇಂಜಿನ್ ಬಂದ್ ಮಾಡದೆ ಸೀಟಿನಲ್ಲೇ ಕುಳಿತ. ಆ ದಿನ ಹೋದದ್ದು ಒಂದು ಸೆಲ್ಫ್, ಒಂದು ಜಾಕ್, ಎಡಗಾಲಿನ ಒಂದು ಚಪ್ಪಲಿ, ಒಂದು ಇಳಿಜಾರು.