ಕನ್ನಡಕ ಬಿಟ್ಟು ಬೆಟ್ಟ ಹತ್ತಿದ್ದು

ಬೆಟ್ಟ ಹತ್ತಿ ಬಂದವರು ಸುಮ್ಮನಿರುವುದಿಲ್ಲ. ಮೇಲಿನಿಂದ ಏನೇನು ಕಂಡಿತೆಂದು ಸಿಕ್ಕಿದವರಿಗೆಲ್ಲ ವರ್ಣಿಸುತ್ತಾರೆ. ದೊಡ್ಡಬಳ್ಳಾಪುರದಾಚೆಯ ಮಾಕಳಿ ಬೆಟ್ಟವನ್ನು ನಾನೂ ತುದಿಯವರೆಗೆ ಹತ್ತಿದವನೇ. ಕೆಳಗಿನ ಕೆರೆಯನ್ನು ಅಲ್ಲಿಂದ ನೋಡಿದರೆ ಜನ್ಮ ಸಾರ್ಥಕ ಎನ್ನುತ್ತಾರೆ. ಇರಬಹುದು. ನನಗೆ ಕೆರೆ ಕಾಣಲಿಲ್ಲ. ಹುಡುಗಿಯೂ ಕಾಣಲಿಲ್ಲ. ನಾನು ಹೋಗಿದ್ದದ್ದು ಹುಡುಗಿ ನೋಡುವುದಕ್ಕೆ.

ಆಗ ನಾನು ಯಶವಂತಪುರದ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಅಷ್ಟರಲ್ಲೇ ನಾಲ್ಕೈದು ಮನೆಗಳಲ್ಲಿ ಉಪ್ಪಿಟ್ಟು, ಕೇಸರಿಬಾತು ತಿಂದು, ಆಮೇಲೆ ಜಾತಕ ಕೂಡಿಬರಲಿಲ್ಲ ಎನ್ನಿಸಿಕೊಂಡಿದ್ದೆ. ಉಪ್ಪಿಟ್ಟು ತಿನ್ನುವ ಮುಂಚೆ ಎಲ್ಲ ಜಾತಕಗಳೂ ಕೂಡಿಬರುತ್ತಿದ್ದವು. ನನಗೂ ಒಳಗೊಳಗೇ ಅವಮಾನ. ಅಮ್ಮನಂತೂ, "ಇದೂ ತಪ್ಪಿಹೋದ್ರೆ ನಾನು ಕಾಶಿಗೆ ಹೊರಟುಹೋಗ್ತೀನಿ ನೋಡು" ಎಂದಿದ್ದಳು. ಈ ಸಲದ ಹುಡುಗಿ ಕಮಲಾ, ಯಲಹಂಕದ ನಿವೃತ್ತ ಡ್ರಿಲ್ ಮೇಷ್ಟರ ಮಗಳು. ಮೇಷ್ಟರ ಪದ್ಧತಿಯೇ ಬೇರೆ. "ಮನೇಲಿ ಚಾಪೆ ಮೇಲೆ ಕೂತ್ರೆ ಎಲ್ಲಾ ಗಂಡುಗಳೂ ಒಂದೇ ಥರ ಕಾಣ್ತವೆ ಕಣ್ರೀ. ಬೆಟ್ಟ ಹತ್ತಿ, ಮೇಲೆ ಕಾಫಿ ಕುಡಿಯೋಣ. ಹುಡುಗೀನೂ ಬರ್ತಾಳೆ" ಎಂದರು.

ರೈಲಿಳಿದು ಬೆಟ್ಟದ ಬುಡ ಸೇರಿದ ಮೇಲೆ, ಮೇಷ್ಟರೂ ಮಗಳೂ ಬರುವ ಮೊದಲೇ, ಅಮ್ಮ ನನ್ನ ಕನ್ನಡಕ ಕಿತ್ತುಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು. "ಇದನ್ನ ಹಾಕ್ಕೊಂಡ್ರೆ ಪಿಂಚಣಿಗೆ ಬಂದೋನ ಥರ ಕಾಣ್ತೀಯ, ಸುಮ್ನಿರು" ಎಂದು ಹುಣಸೆಮರದ ಕೆಳಗೆ ಕೂತುಬಿಟ್ಟಳು. ಕನ್ನಡಕವಿಲ್ಲದೆ ನನಗೆ ಮಾರು ದೂರದಾಚೆಗೆ ಪ್ರಪಂಚವೇ ಇಲ್ಲ. ಮೇಷ್ಟರು ನನ್ನ ಹೆಗಲಿಗೊಂದು ಗೋಣಿಚೀಲ ಹೊರಿಸಿದರು. ಒಳಗೆ ಸೀಮೆಎಣ್ಣೆ ತುಂಬಿದ ಹಿತ್ತಾಳೆಯ ಪಂಪ್ ಸ್ಟೌ. ಅದು ಹೆಜ್ಜೆಗೊಮ್ಮೆ ಬೆನ್ನಿಗೆ ಗುದ್ದುತ್ತಿತ್ತು.

ಮುಂದೆ ಹಸಿರು ಸೀರೆಯೊಂದು ಹತ್ತುತ್ತಿತ್ತು. ಅದನ್ನೇ ನಂಬಿ ನಾನೂ ಹತ್ತಿದೆ. ಒಂದು ಕಡೆ ಹಸಿರು ನಿಂತಿತು. ದಣಿವಾಗಿರಬೇಕು, ಪಾಪ, ಎಂದು ಮರ್ಯಾದೆಗೆ ನಾನೂ ನಿಂತೆ. ಎಷ್ಟು ಹೊತ್ತಾದರೂ ಅಲ್ಲಾಡಲಿಲ್ಲ. ಬಹಳ ಸಂಕೋಚದ ಹುಡುಗಿ ಎಂದುಕೊಳ್ಳುವಷ್ಟರಲ್ಲಿ ಮೇಲಿನಿಂದ ಮೇಷ್ಟರು, "ಆ ಪೊದೆ ಹತ್ರ ಏನ್ ಮಾಡ್ತಿದೀರಿ?" ಎಂದು ಕೂಗಿದರು.

ತುದಿ ಸೇರಿದೆವು. "ಹೆಂಗಿದೆ ನೋಡಿ ಕೆರೆ" ಎಂದರು ಮೇಷ್ಟರು. ನಾನು ಕಣ್ಣರಳಿಸಿ, "ಬಹಳ ಸೊಗಸಾಗಿದೆ" ಎಂದೆ. "ಕೆರೆ ಈ ಕಡೆ ಇದೆ" ಎಂದಿತು ಹಸಿರು ಸೀರೆ. ಧ್ವನಿ ಚೆನ್ನಾಗಿತ್ತು. ಸ್ಟೌ ಹಚ್ಚಲು ಹೋದರೆ ಅದರ ತೂತು ಕಟ್ಟಿಕೊಂಡಿತ್ತು, ಚುಚ್ಚುವ ಪಿನ್ನು ಯಲಹಂಕದಲ್ಲೇ ಉಳಿದಿತ್ತು. ಕಮಲಾ ಮೂರು ಕಲ್ಲು ಜೋಡಿಸಿ, ಒಂದಿಷ್ಟು ಪುಳ್ಳೆ ಹೊತ್ತಿಸಿ ಕಾಫಿ ಕಾಯಿಸಿದಳು. ಕಲ್ಲು ಪುಳ್ಳೆಗಳೇ ತುಂಬಿರುವ ಬೆಟ್ಟದ ಮೇಲೆ ಸ್ಟೌ ಏಕೆ ಬೇಕಿತ್ತೆಂದು ಯಾರೂ ಮಾತೆತ್ತಲಿಲ್ಲ. ಅದನ್ನು ಮತ್ತೆ ನಾನೇ ಹೊತ್ತು ಇಳಿಸಿದೆ.

"ಹುಡುಗಿ ಹೇಗಿದಾಳೋ?" ಎಂದಳು ಅಮ್ಮ, ಅವರಿಬ್ಬರೂ ಹೋದ ಮೇಲೆ ಸೆರಗಿನ ಗಂಟು ಬಿಚ್ಚುತ್ತಾ. "ಕಾಫಿ ಚೆನ್ನಾಗಿತ್ತು" ಎಂದೆ. ನಿಜವಾಗಿ ನನಗೆ ಗೊತ್ತಿದ್ದದ್ದು ಅಷ್ಟೇ. ಅಮ್ಮ ಅದನ್ನೇ ಒಪ್ಪಿಗೆ ಎಂದುಕೊಂಡಳು. ಈ ಸಲವೂ ಜಾತಕ ಕೈಕೊಡುತ್ತದೆಂದು ನಾನು ಹೆದರಿ ಕೂತಿದ್ದರೆ, ಮೇಷ್ಟರು ಮನೆಗೇ ಬಂದು ಹುಡುಗಿ ಒಪ್ಪಿದ್ದಾಳೆ ಎಂದರು. ಮದುವೆಯಲ್ಲೂ ಅಮ್ಮ ಕನ್ನಡಕ ಹಾಕಗೊಡಲಿಲ್ಲ, ಮಾರನೆಯ ದಿನ ಹಾಕಿಕೊಂಡು ನೋಡಿದೆ. ನನ್ನ ಯೋಗ್ಯತೆಗೆ ಹೆಚ್ಚೇ ಆಯಿತು ಅನ್ನಿಸಿತು.

ಮೊನ್ನೆ ಧೈರ್ಯ ಮಾಡಿ, "ಅವತ್ತು ನನ್ನಲ್ಲಿ ಏನು ಕಂಡು ಒಪ್ಪಿದೆ?" ಎಂದು ಕೇಳಿದೆ.

"ಅಷ್ಟು ಭಾರದ ಸ್ಟೌ ಹೊತ್ಕೊಂಡು, ಇದ್ಯಾಕೆ ಅಂತ ಒಂದು ಮಾತೂ ಕೇಳ್ದೆ ಹತ್ತಿದ್ರಲ್ಲ, ಇಂಥೋರ ಜೊತೆ ಬಾಳ್ವೆ ಮಾಡ್ಬಹುದು ಅನ್ನಿಸ್ತು" ಎಂದಳು.

ಕೇಳಬೇಕೆಂದು ಬುಡದಿಂದಲೂ ಬಾಯಿ ತೆರೆಯುತ್ತಲೇ ಇದ್ದೆ. ಉಸಿರಿರಲಿಲ್ಲ. ಈಗ ಸಂತೆಯಿಂದ ಚೀಲ ಹೊತ್ತು ಅವಳ ಹಿಂದೆ ಬರುವಾಗ ಉಸಿರೇನೋ ಇರುತ್ತದೆ. ಬಂದ ಹೆಸರನ್ನು ಕೆಡಿಸಿಕೊಳ್ಳುವುದೇಕೆ ಎಂದು ಬಾಯಿ ಮುಚ್ಚಿಕೊಂಡು ನಡೆಯುತ್ತೇನೆ.