ಐದು ನಕ್ಷತ್ರದ ಎರಡನೆಯ ದನಿ

ಕೆಲವರಿಗೆ ಬೇಡ ಎನ್ನಲು ಬರುವುದಿಲ್ಲ. ನಾನೂ ಆ ಪೈಕಿಯವನು. ಪಂಕ್ತಿಯಲ್ಲಿ ಬಡಿಸುವವರಿಗೆ ಸಾಕು ಎನ್ನಲಾರೆ. ಬಟ್ಟೆ ಅಂಗಡಿಯವನು ನಾಲ್ಕು ಅಂಗಿ ಬಿಚ್ಚಿ ಹರವಿದ ಮೇಲೆ ಬರಿಗೈಯಲ್ಲಿ ಎದ್ದು ಬರಲಾರೆ. ನನ್ನ ಟ್ರಂಕಿನಲ್ಲಿ ನನ್ನ ಅಳತೆಯದಲ್ಲದ ಅಂಗಿಗಳೇ ಹೆಚ್ಚು. ಇಂಥವನಿಗೆ ಯಾರೂ ಒಪ್ಪಿಸಬಾರದ ಕೆಲಸವೆಂದರೆ ಇನ್ನೊಬ್ಬರು ಹಾಡಿದ್ದಕ್ಕೆ ದರ್ಜೆ ಕೊಡುವ ಕೆಲಸ. ಅದೇ ನನ್ನ ಪಾಲಿಗೆ ಬಂದು ಹನ್ನೊಂದು ವರ್ಷವಾಯಿತು.

ನಾನು ಸವಣೂರಿನ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲೆಯ ಮಾಸ್ತರ. ನಮ್ಮದು ಮೂರು ತಲೆಮಾರಿನ ಕ್ರೈಸ್ತ ಮನೆತನ. ಹುಬ್ಬಳ್ಳಿಯಲ್ಲಿ ಅಚ್ಚಾಗಿ ಈ ಭಾಗದ ಚರ್ಚ್ ಸಭೆಗಳಿಗೆಲ್ಲ ಹಂಚಿಕೆಯಾಗುವ ಒಂದು ಸಣ್ಣ ಮಾಸಪತ್ರಿಕೆಗೆ ಪ್ರತಿವರ್ಷ ಕ್ರಿಸ್‌ಮಸ್ ಮುಖಪುಟ ಬರೆದುಕೊಡುತ್ತಿದ್ದೆ. ಗೋದಲಿ, ಕುರಿಮರಿ, ಮೇಲೊಂದು ನಕ್ಷತ್ರ. ಒಂದು ದಿನ ಅದರ ಸಂಪಾದಕರು ಫೋನು ಮಾಡಿದರು.

“ಮಾಸ್ತರ್ರ, ನಮ್ಮ ಹುಡುಗೂರು ಹೊಸಾ ಭಕ್ತಿಗೀತಿ ಆಲ್ಬಮ್ ಭಾಳ ತರಾಕತ್ತಾರ. ತಿಂಗಳಿಗೊಂದು ಕೇಳಿ ಒಂದು ಪುಟ ಬರೀರಿ. ಕೆಳಗ ಐದರಾಗ ಎಷ್ಟು ನಕ್ಷತ್ರ ಅಂತ ಹಾಕಿಬಿಡ್ರಿ.”

“ಸಂಗೀತ ನನಗೇನು ತಿಳೀತೈತ್ರಿ?” ಎಂದೆ.

“ನಕ್ಷತ್ರ ಬಿಡಸಾಕ ಬರತೈತಲ್ಲ, ಸಾಕು.”

ನಕ್ಷತ್ರ ಬಿಡಿಸುವುದು ಸುಲಭ, ಕೊಡುವುದು ಕಷ್ಟ ಎಂಬುದು ಎರಡನೆಯ ತಿಂಗಳಿಗೇ ತಿಳಿಯಿತು. ಹಿರೇಕೆರೂರಿನ ಒಬ್ಬ ತರುಣನ ಆಲ್ಬಮ್ ಬಂದಿತ್ತು. ಒಂದೇ ಪಲ್ಲವಿಯನ್ನು ಹದಿನಾಲ್ಕು ಸಲ ಹಾಡಿದ್ದ. ದೇವರಿಗೆ ಮೊದಲನೆಯ ಸಲಕ್ಕೇ ಕೇಳಿಸಿರುತ್ತದೆ ಎಂದು ಬರೆದು, ಅಳೆದು ಸುರಿದು ಎರಡೂವರೆ ಕೊಟ್ಟೆ. ಮುಂದಿನ ತಿಂಗಳು ಶಿಗ್ಗಾಂವಿಯಲ್ಲಿ ಒಂದು ಮದುವೆ. ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತ ಬಂದ ಹೆಂಗಸೊಬ್ಬರು ನನ್ನೆದುರು ನಿಂತರು. “ನಮ್ಮ ಹುಡುಗಗ ಎರಡೂವರಿ ಕೊಟ್ಟ ಮಾಸ್ತರು ನೀವ ಏನ್ರಿ?” ಎಂದು ಕೇಳಿ, ನನ್ನ ಎಲೆಗೆ ಎರಡು ಹೋಳಿಗೆ ಹಾಕಿದರು. ಮೂರನೆಯದನ್ನು ತೆಗೆದು ನಡುವೆ ಮುರಿದು ಅರ್ಧ ಹಾಕಿ, “ತಗೋರಿ, ನಿಮ್ಮ ಲೆಕ್ಕಕ್ಕ ಲೆಕ್ಕ ಆತು” ಎಂದು ಮುಂದಿನ ಎಲೆಗೆ ಹೋದರು. ಪಕ್ಕದವರ ಎಲೆಯಲ್ಲಿ ಮೂರು ಇಡಿಯವು ಕಂಡವು. ಅಂದಿನಿಂದ ನಾನು ಮೂರೂವರೆಗಿಂತ ಕೆಳಗೆ ಇಳಿದಿಲ್ಲ. ನಾಲ್ಕರ ಮೇಲೆ ಹತ್ತಿದ್ದೂ ಕಡಿಮೆ. “ನಿಮ್ಮ ಪುಟಕ್ಕ ಮೂರೂವರಿದು ಒಂದು ಅಚ್ಚು ಮಾಡಿಸಿ ಇಟ್ಟಬಿಟ್ಟೇವ್ರಿ” ಎಂದು ಸಂಪಾದಕರು ನಗುತ್ತಾರೆ.

ಹಾಗೆಂದು ನಾನು ಕೇಳದೆ ಬರೆಯುವವನಲ್ಲ. ನನಗೆ ನನ್ನದೇ ಒಂದು ಪದ್ಧತಿಯಿದೆ. ಪ್ರತಿ ಆಲ್ಬಮ್ ಮೂರು ಸಂಜೆ ಕೇಳಬೇಕು. ನಾನು ಕ್ಯಾಸೆಟ್ಟಿನ ಕಾಲದವನು. ಈಗ ಎಲ್ಲ ಮೊಬೈಲಿಗೇ ಬಂದು ಬೀಳುತ್ತವೆ. ಮುಷ್ಟಿಯಷ್ಟು ದೊಡ್ಡ ಸ್ಪೀಕರ್ ಒಂದಿದೆ. ಅದನ್ನು ಅಡುಗೆಮನೆಯ ಬಾಗಿಲ ಪಕ್ಕದ ಗೂಡಿನಲ್ಲಿಟ್ಟು, ನಾನು ಪಡಸಾಲೆಯಲ್ಲಿ ಅದಕ್ಕೆ ಬೆನ್ನು ಮಾಡಿ, ಕಿಟಕಿಯ ಬೆಳಕಿಗೆ ನೋಟ್‌ಬುಕ್ ಹಿಡಿದು ಕೂರುತ್ತೇನೆ. ಗೂಡಿನಲ್ಲೇ ಯಾಕೆಂದರೆ ಪ್ಲಗ್ ಇರುವುದು ಅಲ್ಲೊಂದೇ ಕಡೆ. ನೋಟ್‌ಬುಕ್ಕಿನಲ್ಲಿ ಕೇಳಿಸಿದ್ದೆಲ್ಲ ಬರೆಯುತ್ತೇನೆ. ಎರಡನೆಯ ಹಾಡು, ಗಿಟಾರು ಚೆನ್ನಾಗಿದೆ. ಮೂರನೆಯದಕ್ಕೆ ಕರೆಂಟು ಹೋಯಿತು. ನಾಲ್ಕನೆಯದರ ನಡುವೆ ಹಾಲಿನವನು ಬಂದ. ಹೀಗೆ.

ಈ ಹೊಸ ಆಲ್ಬಮ್‌ಗಳ ಬಗ್ಗೆ ನನ್ನದೊಂದು ಸಣ್ಣ ಕೊರಗೂ ಇದೆ. ಎಲ್ಲದರಲ್ಲೂ ಒಬ್ಬನೇ ಹಾಡುತ್ತಾನೆ. ಹಿಂದೆ ಕೀಬೋರ್ಡು ಮೋಡದ ಹಾಗೆ ಹಬ್ಬಿಕೊಂಡಿರುತ್ತದೆ, ದನಿಗೆ ಎಂಟು ಗುಡ್ಡ ದಾಟಿ ಬಂದಷ್ಟು ಮಾರ್ದನಿ. ವಿಡಿಯೋದಲ್ಲಿ ಬಿಳಿ ಅಂಗಿ ತೊಟ್ಟು ಕೆರೆಯ ದಂಡೆಯ ಮೇಲೆ ಒಬ್ಬನೇ ನಡೆಯುತ್ತಾನೆ. ಒಂದು ತಪ್ಪಿಲ್ಲ, ಒಂದು ಕೆಮ್ಮಿಲ್ಲ. ಚೆನ್ನಾಗಿದೆ ಎನ್ನುತ್ತೇನೆ, ಬೆರಳು ತಾಳ ಹಾಕುವುದಿಲ್ಲ. ಚಿತ್ರಕಲೆಯವನಾಗಿ ಹೇಳುವುದಾದರೆ, ಮಕ್ಕಳು ಗಡಿಗೆ ಬಿಡಿಸಿ ಅದರ ಕೆಳಗೆ ನೆರಳು ಹಾಕುವುದನ್ನು ಮರೆಯುತ್ತಾರಲ್ಲ, ಹಾಗೆ. ಗಡಿಗೆ ಗುಂಡಗೇ ಇರುತ್ತದೆ. ಆದರೆ ನೆಲದ ಮೇಲೆ ಕೂತಿರುವುದಿಲ್ಲ.

ಹಾಡಿಗೂ ನೆರಳು ಇರುತ್ತದೆ ಎಂದು ನನಗೆ ತಿಳಿದದ್ದು ಹಾನಗಲ್ಲಿನ ಚರ್ಚಿನಲ್ಲಿ. ಅಲ್ಲಿಯ ಕ್ರಿಸ್‌ಮಸ್ ನಾಟಕಕ್ಕೆ ಪರದೆ ಬರೆದುಕೊಡಲು ಹೋಗಿದ್ದೆ. ಬೆತ್ಲೆಹೇಮಿನ ಬೆಟ್ಟಕ್ಕೆ ಬಣ್ಣ ಹಚ್ಚುತ್ತಿದ್ದಾಗ ಆಚೆ ಬದಿಯಲ್ಲಿ ಗಾಯನದವರು ಅಭ್ಯಾಸ ಮಾಡುತ್ತಿದ್ದರು. ಎಲ್ಲರೂ ಹಾಡುವ ರಾಗದ ಕೆಳಗೆ, ಅದನ್ನು ಅಂಗೈಯಲ್ಲಿ ಎತ್ತಿ ಹಿಡಿದಂತೆ, ಇನ್ನೊಂದು ದನಿ ತನ್ನ ದಾರಿಯಲ್ಲಿ ನಡೆದಿತ್ತು. ಎರಡನೆಯ ದನಿ ಎನ್ನುತ್ತಾರಂತೆ ಅದಕ್ಕೆ. ಪರದೆ ಸರಿಸಿ ಇಣುಕಿದೆ. ತೆಳ್ಳಗಿನ ಹುಡುಗಿಯೊಬ್ಬಳು ಪುಸ್ತಕ ನೋಡದೆ ಹಾಡುತ್ತಿದ್ದಳು. ಆ ವರ್ಷ ಬೆತ್ಲೆಹೇಮಿನ ಬೆಟ್ಟದ ಅರ್ಧ ಭಾಗ ಬಣ್ಣವಿಲ್ಲದೆ ಉಳಿಯಿತು. ಮುಂದಿನ ವರ್ಷ ಸುಗುಣಾ ನನ್ನ ಹೆಂಡತಿಯಾಗಿ ಸವಣೂರಿಗೆ ಬಂದಳು.

ಇಪ್ಪತ್ತು ವರ್ಷ ಆ ದನಿ ನನ್ನ ಎಡಗಿವಿಯ ಪಕ್ಕದಲ್ಲೇ ಇತ್ತು. ಚರ್ಚಿನ ಬೆಂಚಿನಲ್ಲಿ, ಯಲವಿಗಿಯಿಂದ ಹೊರಟ ರೈಲಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ. ನಂತರ ಅವಳ ಕುತ್ತಿಗೆಯಲ್ಲಿ ಥೈರಾಯ್ಡಿನ ಗಂಟು ಬೆಳೆಯಿತು, ಆಪರೇಷನ್ ಆಯಿತು. ದನಿ ಬರಲು ಮೂರು ತಿಂಗಳು ಬೇಕು ಎಂದರು ಡಾಕ್ಟರು. ಮೂರು ತಿಂಗಳಿಗೆ ಸರಿಯಾಗಿ ನನ್ನನ್ನು ಬೈಯುವಷ್ಟು ದನಿ ಬಂತು. ಆದರೆ ಮೊದಲಿಗಿಂತ ದಪ್ಪ, ಸ್ವಲ್ಪ ಒಡಕು. ಅದೊಂದು ರವಿವಾರ ಚರ್ಚಿನಲ್ಲಿ ಹಾಡಿನ ಪುಸ್ತಕ ತೆರೆದಳು, ಒಂದು ಸಾಲು ಹಾಡಿದಳು, ಮುಚ್ಚಿ ಮಡಿಲಲ್ಲಿಟ್ಟುಕೊಂಡಳು. ಆಮೇಲೆ ಆರು ವರ್ಷ ತೆರೆಯಲಿಲ್ಲ. ನಾನು ಎರಡು ಸಲ ಕೇಳಿದೆ. “ಹಾಡೂದು ಬಿಟ್ಟೇನ್ರಿ” ಎಂದಳು, ಚಹಾ ಬಿಟ್ಟೇನಿ ಎನ್ನುವ ಹಾಗೆ. ಮೂರನೆಯ ಸಲ ಕೇಳಲು ನನಗೆ ಧೈರ್ಯ ಸಾಲಲಿಲ್ಲ. ಆದರೆ ಆ ಎಡಗಿವಿ ಕಾಯುವುದನ್ನು ಬಿಟ್ಟಿರಲಿಲ್ಲ.

ಹೀಗಿರುವಾಗ ಹೋದ ವರ್ಷ ಶಿಗ್ಗಾಂವಿಯ ಒಬ್ಬರ ಆಲ್ಬಮ್ ಬಂತು. ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಅವರದು, ಹೆಸರು ಪ್ರಕಾಶ. ಮೊದಲ ಸಂಜೆ ಕೇಳಿದೆ, ಎಂದಿನ ಮೂರೂವರೆ. ಎರಡನೆಯ ಸಂಜೆಯೂ ಅಷ್ಟೇ. ಮೂರನೆಯ ಸಂಜೆ, ನಾಲ್ಕನೆಯ ಹಾಡು ನಡೆದಿದ್ದಾಗ, ನನ್ನ ಪೆನ್ನು ನಿಂತಿತು. ಕೀಬೋರ್ಡಿನ ಮೋಡದ ಕೆಳಗಿನಿಂದ ಒಂದು ಹೆಣ್ಣು ದನಿ ಬಂದಿತ್ತು. ಎರಡನೆಯ ದನಿ. ಅದರ ಜೊತೆಗೆ ಮೆತ್ತಗಿನ ಒಂದು ತಾಳ. ಹಿಂದಿನ ಎರಡು ಸಂಜೆ ಇದು ನನಗೆ ಹೇಗೆ ಕೇಳಿಸಲಿಲ್ಲ ಎಂದು ನನ್ನ ಕಿವಿಯನ್ನೇ ಬೈದುಕೊಂಡೆ. ಕಣ್ಣು ಮುಚ್ಚಿ ಹಾಡು ಮುಗಿಯುವವರೆಗೆ ಕೂತೆ. ತಿರುಗಿ ನೋಡಲಿಲ್ಲ, ಸ್ಪೀಕರನ್ನು ಏನು ನೋಡುವುದು?

ಅಂದೇ ಬರೆದೆ. ‘ನಾಲ್ಕನೆಯ ಹಾಡಿನ ಜೀವ ಇರುವುದು ಅದರ ಎರಡನೆಯ ದನಿಯಲ್ಲಿ. ತುಸು ಒಡೆದ ದನಿ, ಮೂರನೆಯ ಚರಣದಲ್ಲಿ ಶ್ರುತಿ ಕೊಂಚ ಜಾರುತ್ತದೆ. ಆದರೂ ಎಲ್ಲೋ ಕೇಳಿದಂತಿರುವ ಈ ದನಿ ಕೇಳುಗನನ್ನು ಬಿಡುವುದಿಲ್ಲ. ಅಂಗೈಯಿಂದ ತಟ್ಟಿದಂಥ ತಾಳವಾದ್ಯದ ಬಳಕೆ ಹೊಸತು.’ ಕೆಳಗೆ ಐದು ನಕ್ಷತ್ರ. ಹನ್ನೊಂದು ವರ್ಷದಲ್ಲಿ ಮೊದಲ ಐದು. ಸಂಪಾದಕರು ಫೋನು ಮಾಡಿ, “ಆರಾಮ ಅದೀರಿಲ್ರಿ ಮಾಸ್ತರ್ರ?” ಎಂದು ವಿಚಾರಿಸಿದರು.

ಪತ್ರಿಕೆ ಬಂದ ವಾರಕ್ಕೆ ಪ್ರಕಾಶ ಫೋನು ಮಾಡಿದರು. ಬಹಳ ಸಂತೋಷ ಎಂದರು. ಆಮೇಲೆ, “ಸರ್, ಆ ಆಲ್ಬಮಿನಾಗ ಹೆಣ್ಣು ದನಿ ಇಲ್ರಿ” ಎಂದರು.

“ನಾಲ್ಕನೇ ಹಾಡಿನಾಗ ಐತಲ್ಲ?”

“ನಾನೊಬ್ಬನ ಹಾಡೇನ್ರಿ. ಹೆಡ್‌ಫೋನ್ ಹಾಕ್ಕೊಂಡು ಎಂಟು ಸಲ ಕೇಳಿದೆ, ಸಿಗಲಿಲ್ಲ. ನಮ್ಮ ಪ್ರಾರ್ಥನಾ ಕೂಟದಾಗ ಎಲ್ಲಾರೂ ಅದು ದೇವದೂತರ ದನಿ ಅನ್ನಾಕತ್ತಾರ.” ಆಮೇಲೆ ಮೆಲ್ಲಗೆ ಕೇಳಿದರು, “ಆದ್ರ ಸರ್, ದೇವದೂತರು ಮೂರನೇ ಚರಣದಾಗ ಶ್ರುತಿ ಬಿಡ್ತಾರೇನ್ರಿ?”

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ. ಆ ಹೊತ್ತಿಗಾಗಲೇ ಅಕ್ಕಿಆಲೂರಿನ ಓದುಗರೊಬ್ಬರು, ತಮಗೂ ಆ ಎರಡನೆಯ ದನಿ ಬಹಳ ಹಿಡಿಸಿತೆಂದೂ ಶ್ರುತಿ ಜಾರಿದ್ದನ್ನು ತಾವೂ ಗಮನಿಸಿದ್ದಾಗಿಯೂ ಪತ್ರಿಕೆಗೆ ಬರೆದಿದ್ದರು. ವಿಮರ್ಶೆಗೆ ಇರುವ ಶಕ್ತಿಯನ್ನು ಕಂಡು ನನಗೇ ಹೆದರಿಕೆಯಾಯಿತು.

“ಹೋಗ್ಲಿ, ತಾಳವಾದ್ಯ?” ಎಂದು ಪ್ರಕಾಶರನ್ನು ಕೇಳಿದೆ, ಮುಳುಗುವವನು ಏನಾದರೂ ಹಿಡಿಯಬೇಕಲ್ಲ.

“ಅದೂ ಇಲ್ರಿ. ಕೀಬೋರ್ಡು ಒಂದ.”

ಫೋನಿಟ್ಟು ನೋಟ್‌ಬುಕ್ ತೆಗೆದೆ. ಆ ಸಂಜೆಯ ಪುಟದ ಮೇಲ್ತುದಿಯಲ್ಲಿ ನನ್ನದೇ ಅಕ್ಷರದಲ್ಲಿ, ‘ಸಂಜೆ ಆರೂವರೆ. ಮೋಡ. ಒಳಗೆ ರೊಟ್ಟಿ ನಡೆದಿದೆ’ ಎಂದಿತ್ತು. ಆ ಹೊತ್ತಿಗೇ ಅಡುಗೆಮನೆಯಲ್ಲಿ ಸುಗುಣಾ ಜೋಳದ ರೊಟ್ಟಿ ಬಡಿಯಲು ಸುರು ಮಾಡಿದಳು. ತಪ್ ತಪ್ ತಪ್. ಅಂಗೈಯಿಂದ ತಟ್ಟಿದಂಥ ತಾಳ. ನಾನು ಎದ್ದು ನಿಂತವನು ಮತ್ತೆ ಕೂತೆ. ಆರು ವರ್ಷ ಕಾದ ದನಿ ಬೆನ್ನ ಹಿಂದೆ ಆರು ಅಡಿ ದೂರದಲ್ಲಿ ಬಂದಾಗ, ನಾನು ಅದಕ್ಕೆ ಬೆನ್ನು ತಿರುಗಿಸಿಕೊಂಡು ಶ್ರುತಿಯ ತಪ್ಪು ಹುಡುಕುತ್ತಿದ್ದೆ.

ಬಾಗಿಲಲ್ಲಿ ಹೋಗಿ ನಿಂತೆ. ಏನು ಕೇಳಬೇಕೋ ತಿಳಿಯದೆ, “ಅವತ್ತ ಆ ನಾಲ್ಕನೇ ಹಾಡಿಗೆ...” ಎಂದೆ.

ಅವಳು ರೊಟ್ಟಿಯಿಂದ ಕಣ್ಣೆತ್ತಲಿಲ್ಲ. “ಗೊತ್ತಾತೇನು? ಪತ್ರಿಕಿ ಬಂದ ದಿನಾನ ಓದೇನಿ ನಾನು.”

“ಮತ್ತ ಹೇಳಲಿಲ್ಲ?”

“ಏನಂತ ಹೇಳ್ಲಿ? ಒಡಕು ದನಿ ನಂದ ಅಂತನೋ, ಶ್ರುತಿ ಜಾರೂದು ನಂದ ಅಂತನೋ? ನಾಕು ತಾಲೂಕಿನ ಮಂದಿ ಓದ್ಯಾರ.”

“ಐದು ನಕ್ಷತ್ರ ಕೊಟ್ಟೇನಲ್ಲ ಸುಗುಣಾ. ಯಾರಿಗೂ ಕೊಟ್ಟಿಲ್ಲ.”

“ಅವು ಶಿಗ್ಗಾಂವಿಗೆ ಹೋದುವು. ಶ್ರುತಿ ಜಾರಿದ್ದಷ್ಟ ನನ್ನ ಪಾಲಿಗೆ ಉಳೀತು,” ಎಂದು ರೊಟ್ಟಿಯನ್ನು ಹಂಚಿಗೆ ಹಾಕಿದಳು.

ಎರಡು ಸಂಜೆ ಕೇಳಿ ಕೇಳಿ ಬಾಯಿಗೆ ಬಂದಿತ್ತಂತೆ, ಮೂರನೆಯ ಸಂಜೆ ತಾನಾಗಿಯೇ ಹೊರಬಿತ್ತಂತೆ. ನನ್ನ ಲಕ್ಷ್ಯವೆಲ್ಲ ಸ್ಪೀಕರಿನಲ್ಲಿದೆ, ತನ್ನದು ಯಾರಿಗೆ ಕೇಳುತ್ತದೆ ಎಂದುಕೊಂಡಿದ್ದಳು. ಅವಳು ಅಂದುಕೊಂಡದ್ದರಲ್ಲಿ ತಪ್ಪೇನಿಲ್ಲ. ಇಪ್ಪತ್ತಾರು ವರ್ಷ ಜೊತೆಗಿದ್ದು ಹೆಂಡತಿಯ ದನಿಯನ್ನು ‘ಎಲ್ಲೋ ಕೇಳಿದಂತಿದೆ’ ಎಂದು ಅಚ್ಚಿನಲ್ಲಿ ಹಾಕಿದ ಗಂಡ ನಮ್ಮ ಜಿಲ್ಲೆಯಲ್ಲಿ ಇನ್ನೊಬ್ಬನಿರಲಾರ. ತಪ್ಪಾಯಿತು ಎಂದೆ. ಮತ್ತೆ ಹಾಡು ಎಂದೆ. “ನೀವು ಕೇಳಾಕತ್ತೀರಿ ಅಂತ ಗೊತ್ತಾದ್ರ ಗಂಟಲ ಹಿಡೀತೈತ್ರಿ. ಈಗ ಗೊತ್ತಾಗೇತಲ್ಲ” ಎಂದಳು. ಸಿಟ್ಟಿನಿಂದ ಹೇಳಿದ್ದರೆ ಸಮಾಧಾನ ಮಾಡಬಹುದಿತ್ತು. ಸುಮ್ಮನೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಮುಂದಿನ ಸಂಚಿಕೆಗೆ ಸಂಪಾದಕರು ತಿದ್ದುಪಡಿ ಕೇಳಿದರು. ‘ನಾಲ್ಕನೆಯ ಹಾಡಿನಲ್ಲಿ ಕೇಳಿದ ಎರಡನೆಯ ದನಿ ವಿಮರ್ಶಕರ ಮನೆಯದು. ಶ್ರುತಿಯ ಬಗ್ಗೆ ಬರೆದ ಮಾತನ್ನು ಹಿಂದಕ್ಕೆ ಪಡೆಯಲಾಗಿದೆ’ ಎಂದು ಬರೆದುಕೊಟ್ಟೆ. ಸುಗುಣಾ ಅದನ್ನೂ ಓದಿದಳು. ಆ ಸಂಜೆ ರೊಟ್ಟಿಯ ಜೊತೆ ನನಗೆ ಇಷ್ಟವಾದ ಎಣ್ಣೆಗಾಯಿ ಇತ್ತು. ಹಾಡು ಇರಲಿಲ್ಲ.

ಈಗ ನಾನು ಪದ್ಧತಿ ಬದಲಿಸಿದ್ದೇನೆ. ವಿಮರ್ಶೆಗೆ ಬೇಕಾದ್ದನ್ನು ಶಾಲೆಯಲ್ಲೇ, ಊಟದ ಬಿಡುವಿನಲ್ಲಿ ಕಿವಿಗೆ ವಯರು ಸಿಕ್ಕಿಸಿಕೊಂಡು ಕೇಳಿ ಮುಗಿಸುತ್ತೇನೆ. ಮನೆಗೆ ಒಂದು ಹಳೆಯ ಮೊಬೈಲು ಬಿಟ್ಟಿದ್ದೇನೆ. ಸಂಜೆ ಅವಳು ಹಿಟ್ಟು ನಾದುವ ಹೊತ್ತಿಗೆ ಅದರಲ್ಲಿ ಪ್ರಕಾಶರ ಆಲ್ಬಮ್ ಹಚ್ಚಿ, ಸ್ಪೀಕರನ್ನು ಗೂಡಿನಲ್ಲಿಟ್ಟು, “ಇಲ್ಲೇ ಅಡ್ಡಾಡಿ ಬರ್ತೇನಿ” ಎಂದು ಚಪ್ಪಲಿ ಮೆಟ್ಟಿ ಹೊರಬೀಳುತ್ತೇನೆ. ನಮ್ಮ ಪಕ್ಕದ ಮನೆ ಖುರ್ಷೀದ ಆಪಾ ಅವರದು. ಸಂಜೆ ಕಟ್ಟೆಯ ಮೇಲೆ ಕೂತು, ತೋಟದಿಂದ ಬಂದ ವೀಳ್ಯದೆಲೆ ಎಣಿಸಿ ಕಟ್ಟು ಮಾಡುತ್ತಾರೆ. ಮೊದಲ ದಿನ ಅವರ ಗೋಡೆಯ ಮರೆಯಲ್ಲಿ ನಿಂತು ಕಿವಿಗೊಟ್ಟೆ. ಬರೀ ಸ್ಪೀಕರು, ಬರೀ ರೊಟ್ಟಿಯ ಸಪ್ಪಳ. ಆಪಾ ಎಲೆಯಿಂದ ತಲೆಯೆತ್ತಿ ನೋಡಿದರು.

“ಇಲ್ಯಾಕ ನಿಂತೀರಿ ಮಾಸ್ತರ್ರ? ಕಿಡಕ್ಯಾಗಿಂದ ನಿಮ್ಮ ನೆಳ್ಳ ಕಾಣತೈತಿ ಅವರಿಗೆ. ನೀವು ದೂರ ಹೋದ್ರ ಹಾಡ್ತಾರ. ನಿನ್ನೆ ನೀವು ಬಜಾರಕ್ಕ ಹೋದಾಗ ಹಾಡಿದ್ರಲ್ಲ.”

ಮೂಲೆಯ ಹಿಟ್ಟಿನ ಗಿರಣಿಯವರೆಗೆ ಹೋಗಿ ನಿಂತೆ. ಅಲ್ಲಿಗೆ ಏನೂ ಕೇಳಿಸುವುದಿಲ್ಲ; ಗಿರಣಿ ನಿಂತಿದ್ದರೂ ಕೇಳಿಸುವುದಿಲ್ಲ, ನಿಲ್ಲಿಸಲು ಹೇಳಿ ಪರೀಕ್ಷೆ ಮಾಡಿದ್ದೇನೆ. ಅಂದಿನಿಂದ ಅದೇ ನನ್ನ ಜಾಗ. ಆಲ್ಬಮಿಗೆ ಎಷ್ಟು ಹೊತ್ತೋ ಅಷ್ಟು ಹೊತ್ತು ಅಲ್ಲಿ ನಿಂತು, ಇಷ್ಟೊತ್ತಿಗೆ ನಾಲ್ಕನೆಯ ಹಾಡಿಗೆ ಬಂದಿರಬೇಕು, ಈಗ ಮೂರನೆಯ ಚರಣ ಇರಬೇಕು ಎಂದು ಅಂದಾಜು ಮಾಡುತ್ತೇನೆ. ವಿಮರ್ಶಕರ ಪೈಕಿ ಕೇಳದಿರುವುದಕ್ಕಾಗಿ ದಿನವೂ ಇಷ್ಟು ನಡೆಯುವವನು ನಾನೊಬ್ಬನೇ ಇರಬೇಕು. ಬರುವಾಗ ಕಟ್ಟೆಯ ಹತ್ತಿರ ನಿಲ್ಲುತ್ತೇನೆ.

“ಇವತ್ತ ಹಾಡಿದಳೇನ್ರಿ ಆಪಾ?”

“ಹಾಡಿದ್ರಲ್ಲ.”

“ಹೆಂಗ ಹಾಡಿದಳು?”

“ಚಲೋ ಹಾಡಿದ್ರು.”

“ಚಲೋ ಅಂದ್ರ ಹೆಂಗ್ರಿ? ದನಿ ಹೆಂಗಿತ್ತು, ಮ್ಯಾಲ ಹೋತೋ, ಕೆಳಗಿತ್ತೋ, ನಡುವ ನಿಂತಳೋ, ಕೊನೀತನಕ ಹಾಡಿದಳೋ, ಸ್ವಲ್ಪ ಬಿಡಿಸಿ ಹೇಳ್ರಿ.”

ಆಪಾ ಎಣಿಸಿದ ಎಲೆಗಳನ್ನು ಬೆರಳಲ್ಲಿ ಹಿಡಿದುಕೊಂಡೇ ನನ್ನ ಮುಖ ನೋಡಿದರು. “ಚಲೋ ಅಂದ್ರ ಚಲೋರಿ ಮಾಸ್ತರ್ರ,” ಎಂದರು. “ನೀವ ಒಮ್ಮೆ ಕೇಳಬೇಕದನ್ನ.”