ಮಾವನ ಒಂದು ಬಾಟಲಿ ರಕ್ತ

ನನ್ನ ಸೋದರಮಾವನಿಗೆ ಮದ್ದು ಗೊತ್ತಿಲ್ಲದ ಕಾಯಿಲೆಯೇ ಇರಲಿಲ್ಲ. ಆದರೆ ಒಂದು ಷರತ್ತು, ಕಾಯಿಲೆ ಕುರಿಗೆ ಬಂದಿರಬೇಕು! ಯಲ್ಲದಕೆರೆಯಲ್ಲಿ ನಲವತ್ತು ವರ್ಷ ಕುರಿ ಕಾಯ್ದವನು. ಪಜೀತಿ ಶುರುವಾದದ್ದು ಅವನಿಗೇ ಕಾಯಿಲೆ ಬಂದಾಗ.

ನಾನಾಗ ಚಿತ್ರದುರ್ಗದಲ್ಲಿ ಟೀಚರು. ಹೊಟ್ಟೆಯ ಬಲಗಡೆ ಭಾರ ಎಂದು ಬಂದವನನ್ನು ಡಾಕ್ಟರಿಗೆ ತೋರಿಸಿದೆ. ಅವರು ಪಕ್ಕೆ ಒತ್ತಿ ನೋಡಿ, "ಲಿವರ್, ನಿಮ್ಮ ಕಡೆ ಈಲಿ ಅಂತೀರಲ್ಲ, ಅದು ಊದಿದೆ, ಕೊಬ್ಬು ಸೇರಿದೆ. ತುಪ್ಪ, ಮಾಂಸ ಬಿಡಬೇಕು" ಎಂದರು.

"ಅದ್ಯಾಕ್ರಿ ಬಿಡೋದು? ಕೊಬ್ಬಿದ ಕುರಿಗೆ ನಾವು ಕಿವಿ ಕೊಯ್ದು ರಕ್ತ ಬಿಡ್ತೀವಿ. ನಂಗೂ ಒಂದ್ ಬಾಟ್ಲಿ ತೆಗೀರಿ, ಈಲಿ ತಾನೇ ಇಳೀತೈತೆ."

"ನೀನೇನು ಕುರಿಯೇನಯ್ಯಾ?"

"ಕುರಿ ಆಗಿದ್ರೆ ನಿಮ್ ತಾವ ಯಾಕ್ ಬರ್ತಿದ್ದೆ? ನಾನೇ ವಾಸಿ ಮಾಡ್ಕಳ್ತಿದ್ದೆ!"

ಅಲ್ಲಿಗೆ ಬಿಟ್ಟನೇ? ವಾರವಾರ ಬಸ್ಸು ಹತ್ತಿ ಬಂದು, ದೊಡ್ಡಾಸ್ಪತ್ರೆಯಲ್ಲಿ ರಕ್ತ ತೆಗೆಯುವ ಕೋಣೆಯ ಮುಂದೆ ಅಂಗಿತೋಳು ಮಡಚಿ ಕೂತುಬಿಡುತ್ತಿದ್ದ. "ಯಾವ ರೋಗಿಗೆ?" ಎಂದರೆ, "ನಾನೇ ರೋಗಿ, ತೆಗೆದು ಹೊರಗೆ ಚೆಲ್ರಿ!" ಅವನನ್ನು ಎಬ್ಬಿಸಲು ಶಾಲೆಗೆ ಹೇಳಿಕಳಿಸುತ್ತಿದ್ದರು. ಪಾಠ ಬಿಟ್ಟು ನಾನು ಎಷ್ಟು ಸಲ ಓಡಲಿ?

ಕೊನೆಗೆ ನರ್ಸು ಉಪಾಯ ಹೂಡಿದಳು. "ಕೊಬ್ಬಿನ ರಕ್ತ ಬೇಡ. ಮೂರು ತಿಂಗಳು ತುಪ್ಪ ಬಿಟ್ಟು ಬಾ, ತಗೋತೀವಿ."

"ಕೊಬ್ಬು ಹೋದ್ಮ್ಯಾಲೆ ರಕ್ತ ಯಾಕವ್ವ ತೆಗೀಬೇಕು?"

ಅವತ್ತು ನಮ್ಮ ಮನೆಯಲ್ಲೇ ಕೂತು ಮುದ್ದೆ ಮುಳುಗುವಷ್ಟು ತುಪ್ಪ ಸುರಿದುಕೊಂಡ. "ಸಾಯ್ತೀಯ ಮಾವ!" ಎಂದು ಕಿರುಚಿದೆ. "ತಿಂದು ಸಾಯ್ತೀನಿ ಬಿಡು" ಎಂದು ಬೆರಳು ಚೀಪಿದ.

ನಾನಾಗ ಆರು ತಿಂಗಳ ಬಸುರಿ. ಮರುದಿನ ಅವನನ್ನೂ ಕರೆದುಕೊಂಡು ತಪಾಸಣೆಗೆ ಹೋದಾಗ, ಅವನೆದುರೇ ಡಾಕ್ಟರಮ್ಮ, "ಮೈಯಲ್ಲಿ ರಕ್ತ ಕಡಿಮೆ. ಹೆರಿಗೆ ಹೊತ್ತಿಗೆ ರಕ್ತ ಕೊಡುವವರನ್ನು ನೋಡಿಕೊಂಡಿರಿ" ಎಂದರು. ಮಾವ ಅವತ್ತೇ ಊರಿನ ಬಸ್ಸು ಹತ್ತಿದ. ಆಮೇಲೆ ದುರ್ಗದ ಕಡೆ ತಲೆಯೇ ಹಾಕಲಿಲ್ಲ. ಸದ್ಯ, ಪೀಡೆ ತೊಲಗಿತು ಅಂದುಕೊಂಡೆ. ದೇವರು ಕ್ಷಮಿಸಲಿ.

ಹೆರಿಗೆಯಾದ ದಿನ ವಾರ್ಡಿನ ಬಾಗಿಲಲ್ಲಿ ಕಂಬಳಿ ಹೊದ್ದ ಯಾರೋ ನಿಂತಿದ್ದರು. ಅರ್ಧಕ್ಕರ್ಧ ಇಳಿದುಹೋಗಿದ್ದ ಮಾವನ ಗುರುತು ನನಗೇ ಸಿಗಲಿಲ್ಲ! ಆಗಲೇ ತೋಳು ಮಡಚಿಕೊಂಡಿದ್ದ.

"ಮೂರು ತಿಂಗ್ಳಾತು ನರ್ಸಮ್ಮ, ಒಂದ್ ತೊಟ್ಟು ಮುಟ್ಟಿಲ್ಲ. ಈಗ ಸುದ್ದ ಐತೆ. ನಮ್ಮ ಹುಡುಗೀಗೆ ಕೊಡ್ರಿ."

"ಹೆರಿಗೆ ಸಲೀಸಾಯ್ತಪ್ಪ. ರಕ್ತ ಬೇಕಾಗಲಿಲ್ಲ."

ಅವನ ಮುಖ ಸಪ್ಪಗಾಯಿತು. ಮಗುವನ್ನು ನೋಡಿದ, ನನ್ನನ್ನು ನೋಡಿದ. ಕಂಬಳಿಯೊಳಗಿಂದ ಒಂದು ಡಬ್ಬಿ ತೆಗೆದು ತಲೆದಿಂಬಿನ ಪಕ್ಕ ಇಟ್ಟ. ಬಾಯಿಮಟ್ಟ ತುಪ್ಪ.

"ನಾನು ಬಿಟ್ಟಿದ್ದು ಇದು. ನೀನಾದ್ರೂ ತಿನ್ನವ್ವ, ಮೈಯಾಗೆ ರಕ್ತ ಆಗ್ತೈತೆ."

ಪೀಡೆ ತೊಲಗಿತು ಅಂದುಕೊಂಡಿದ್ದೆನಲ್ಲ, ಇವನನ್ನೇ! ಅವನ ಕೈ ಹಿಡಿದು ಅತ್ತುಬಿಟ್ಟೆ.